ತಿರುಮಲಾಚಾರ್ರ ಸರಪಳಿ

ತಿರುಮಲಾಚಾರ್ರ ಸೈಕಲ್ಲಿಗಿಂತ ಅದರ ಬೀಗವೇ ಹೆಚ್ಚು ತೂಕ ಎಂದು ಟ್ರಿಪ್ಲಿಕೇನಿನ ಅವರ ಓಣಿಯಲ್ಲಿ ಮಾತಿತ್ತು. ಪೂರ್ತಿ ಸುಳ್ಳೇನಲ್ಲ. ರಾಯಪುರಂನ ಹಳೇ ಕಬ್ಬಿಣದ ಅಂಗಡಿಯಲ್ಲಿ ದೋಣಿ ಕಟ್ಟುವ ಸರಪಳಿಯನ್ನೇ ಆರಿಸಿ, ಅಂಗಡಿ ಷಟರಿಗೆ ಹಾಕುವಂಥ ಬೀಗ ಜೋಡಿಸಿ ತಂದಿದ್ದರು. ಎರಡೂ ಸೇರಿ ಏಳು ಕಿಲೋ. ಕ್ಯಾರಿಯರಿನ ಮೇಲೆ ಸೌಟು, ತುರಿಯುವ ಮಣೆ, ಮಡಿಪಂಚೆಯ ಚೀಲ. ಮಡಿಯ ಆ ಸಾಮಾನಿಗೆ ಬೀದಿಯ ಕಬ್ಬಿಣ ತಾಗುವ ಹಾಗಿಲ್ಲ. ಹಾಗಾಗಿ ಸರಪಳಿಯನ್ನು ಹ್ಯಾಂಡಲಿಗೇ ಸುತ್ತುತ್ತಿದ್ದರು. ತಿರುವು ಬಂದರೆ ಹ್ಯಾಂಡಲ್ ಒಂದು ಕಡೆ ಎಳೆಯುತ್ತಿತ್ತು, ಬೀಗ ಬಂದು ಮೊಣಕಾಲಿಗೆ ಬಡಿಯುತ್ತಿತ್ತು. ಆನೆ ಎಲ್ಲಿ ಬಿಟ್ಟು ಬಂದಿರಿ ಸಾಮಿ ಎಂದು ಸಿಗ್ನಲ್ಲಿನಲ್ಲಿ ಆಟೋದವರು ತಮಿಳಿನಲ್ಲಿ ಕೇಳುತ್ತಿದ್ದರು. ಐವತ್ತೆಂಟರ ವಯಸ್ಸಿನಲ್ಲಿ ಮೊಣಕಾಲು ನೀಲಿಗಟ್ಟಿಸಿಕೊಂಡು ಊರು ಸುತ್ತುವುದು ಯಾರಿಗೆ ಬೇಕಾಗಿತ್ತು ಹೇಳಿ.

ಈ ಕರ್ಮ ಗಂಟುಬಿದ್ದದ್ದು ಹೋದ ವರ್ಷ. ಆಚಾರ್ರದು ಮಾಧ್ವರ ಮನೆಗಳಲ್ಲಿ ಶ್ರಾದ್ಧದ ಅಡುಗೆ ಮಾಡುವ ಕೆಲಸ. ಮಾನ್ವಿಯಿಂದ ಮದರಾಸಿಗೆ ಬಂದು ಮೂವತ್ತು ವರ್ಷವಾದರೂ ಬಾಯಲ್ಲಿ ಊರಿನ ಮಾತು ಹೋಗಿಲ್ಲ, ಮೈಯಲ್ಲಿ ಮಡಿ ಹೋಗಿಲ್ಲ. ತಲೆಗೆ ನೀರು ಹಾಕಿಕೊಂಡು ಮಡಿಪಂಚೆ ಉಟ್ಟರೆಂದರೆ, ಬ್ರಾಹ್ಮಣರ ಊಟ ಮುಗಿಯುವವರೆಗೆ ಹೊಸ್ತಿಲು ದಾಟುವಂತಿಲ್ಲ, ಹೊರಗಿನದೇನನ್ನೂ ಮುಟ್ಟುವಂತಿಲ್ಲ. ದಾಟಿದರೆ ಅಷ್ಟೂ ಅಡುಗೆ ಕೆಟ್ಟಂತೆ, ಮತ್ತೆ ಸ್ನಾನದಿಂದಲೇ ಶುರು.

ಹೋದ ವರ್ಷ ವೆಸ್ಟ್ ಮಾಂಬಲಂನ ಮುರಳೀಧರ ರಾಯರ ಮನೆಯಲ್ಲಿ ಅವರ ತಂದೆಯ ಶ್ರಾದ್ಧ. ಆಚಾರ್ರು ವಡೆಗೆ ಎಣ್ಣೆ ಇಟ್ಟು ನಿಂತಿದ್ದಾಗ ಕಿಟಕಿಯಾಚೆ ಒಬ್ಬ ಲುಂಗಿಯವನು ಅವರ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಹಿಡಿದು ಸಾಗಿಸುತ್ತಿದ್ದ. ಇವರು ಕೂಗುತ್ತ ಬಾಗಿಲವರೆಗೆ ಬಂದರು. ಹೋಮದ ಮುಂದೆ ಕೂತಿದ್ದ ರಾಯರು ಕೈ ಅಡ್ಡ ಹಿಡಿದು, ಹೊರಗೆ ಹೋಗದಂತೆ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ತಡೆದರು.

“ಆಚಾರ್ರೇ, ವೆಳಿಯ ಹೋಗಬೇಡಿ. ನಿಮ್ಮ ಮಡಿ ಹೋದ್ರೆ ನಮ್ಮಪ್ಪನ ಕಾರ್ಯ ಹೋಯ್ತು. ಸೈಕಲ್ ತಾನೆ.”

ಆಚಾರ್ರು ಹಿಂದೆ ಸರಿದು ವಡೆ ತಿರುವಿ ಹಾಕಿದರು. ಕಣ್ಣಲ್ಲಿ ನೀರು ಬಂದಿತ್ತು, ಒಲೆಯ ಹೊಗೆ ಎಂದು ಯಾರಿಗೂ ಹೇಳುವ ಪ್ರಸಂಗ ಬರಲಿಲ್ಲ, ಯಾರೂ ಕೇಳಲಿಲ್ಲ.

ಕೇಳಿದವಳು ಹೆಂಡತಿ ವೃಂದಾ ಒಬ್ಬಳೇ. “ಅವನ ಹಿಂದ ಓಡಿದ್ರ ಏನಾಗ್ತಿತ್ತು?”

“ಅಡಿಗಿ ಕೆಡ್ತಿತ್ತು. ಒಬ್ಬರ ತಂದಿ ಉಪವಾಸ ಹೋಗ್ತಿದ್ರು.”

ಇಡೀ ವರ್ಷ ಅವಳು ಈ ಪ್ರಶ್ನೆ ಬಿಡಲಿಲ್ಲ, ಇವರು ಈ ಉತ್ತರ ಬಿಡಲಿಲ್ಲ. ಮಠದಲ್ಲಿ ನಾಲ್ಕು ಜನ, ಇಂಥ ಮಡಿವಂತರು ಈಗ ಎಲ್ಲಿ ಸಿಗುತ್ತಾರೆ ಎಂದಿದ್ದರು. ಸೈಕಲ್ ಹೋದರೂ ದೊಡ್ಡದೊಂದಕ್ಕಾಗಿ ಹೋಯಿತು ಎಂಬ ನಂಬಿಕೆ ಆಚಾರ್ರನ್ನು ಎತ್ತಿ ನಿಲ್ಲಿಸಿತ್ತು. ಆ ನಂಬಿಕೆ ಇಲ್ಲದಿದ್ದರೆ ಅವರು ಬರೀ ಮೋಸಹೋದ ಮನುಷ್ಯ, ಅಷ್ಟೇ.

ಈ ವರ್ಷ ಅದೇ ತಿಥಿಗೆ, ಆಮೇಲೆ ಕೊಂಡ ಸೈಕಲ್ಲಿನಲ್ಲಿ, ಮತ್ತೆ ಅದೇ ಮನೆಗೆ ಬಂದರು. ಸರಪಳಿ ಸುತ್ತಲು ಬೀದಿಯಲ್ಲಿ ಕಂಬವಿರಲಿಲ್ಲ, ಚರಂಡಿ ಅಗೆಯುವವರು ಕಿತ್ತು ಹಾಕಿದ್ದರು. “ದೊಡ್ಡ ಗೇಟಿಗೇ ಹಾಕಿ, ಇವತ್ತು ಕಾರು ತೆಗೆಯೋದಿಲ್ಲ, ಅಜಿತ್ ಲೀವ್ ಹಾಕಿದಾನೆ” ಎಂದು ರಾಯರ ಹೆಂಡತಿ ಶಾಲಿನಿಯೇ ಹೇಳಿದರು. ಆಚಾರ್ರು ಗೇಟಿನ ಎರಡು ಬಾಗಿಲನ್ನೂ ಸೈಕಲ್ಲನ್ನೂ ಸೇರಿಸಿ ಸರಪಳಿ ಬಿಗಿದು, ಪಕ್ಕದ ಸಣ್ಣ ಗೇಟಿನಿಂದ ಒಳಗೆ ಬಂದು, ಸ್ನಾನ ಮಾಡಿ ಒಲೆ ಹಚ್ಚಿದರು.

ಹನ್ನೊಂದೂವರೆಗೆ ರಾಯರ ಮಗ ಅಜಿತನಿಗೆ ಫೋನು ಬಂತು. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಏನೋ ಕೆಟ್ಟು ಕೂತಿದೆಯಂತೆ, ಅವನೇ ಬರಬೇಕಂತೆ. ಕಾರು ಹೊರಡಿಸಿದ, ಗೇಟು ಬಿಡಲಿಲ್ಲ.

“ಕೀಲಿ ನನ್ನ ಅಂಗಿ ಕಿಸೇದಾಗ ಅದ, ತಗೋಳ್ರಿ” ಎಂದರು ಆಚಾರ್ರು ಕಿಟಕಿಯಿಂದ. ಆದರೆ ಅದು ಸಮುದ್ರದ ಗಾಳಿ ತಿಂದ ಬೀಗ. ಕೆಳಗೆ ಒತ್ತಿ, ತುಸು ಎಡಕ್ಕೆ ಎಳೆದು ತಿರುಗಿಸಿದರೆ ಮಾತ್ರ ಬಾಯಿ ಬಿಡುವುದು. ಇವರು ಹೇಳಿಕೊಟ್ಟರು, ಅವನು ಹತ್ತು ಸಲ ತಿರುಗಿಸಿದ, ಬೆರಳು ತರಚಿಕೊಂಡ.

“ಅಪ್ಪಾ, ಟೈಮ್ ಆಚ್ಚು. ಅವರನ್ನ ಬರೋಕೆ ಹೇಳು.”

ಆಚಾರ್ರಿಗೆ ಒಂದು ಬಗೆಯ ಸಮಾಧಾನವೇ ಆಯಿತು. ರಾಯರು ಮಗನಿಗೆ ಈಗ ಬುದ್ಧಿ ಹೇಳುತ್ತಾರೆ ಎಂದುಕೊಂಡರು. “ನಾ ಮಡಿಯಾಗ ಇದ್ದೀನ್ರಿ. ಆಟೋದಾಗ ಹೋಗ್ಲಿ” ಎಂದರು.

ದರ್ಭೆ ತೊಟ್ಟ ಕೈಯನ್ನೇ ರಾಯರು ಆಡಿಸಿದರು. “ಪರವಾಯಿಲ್ಲ ಆಚಾರ್ರೇ. ಒಂದ್ನಿಮಿಷ ಹೋಗಿ ತೆಗೆದುಕೊಟ್ಟು ಬಂದ್ಬಿಡಿ. ಕಾಲು ತೊಳ್ಕೊಂಡ್ರೆ ಆಯ್ತು.”

“ಹೊಸ್ತಿಲ ದಾಟಿದ್ರ ಅಡಿಗಿ…”

“ಆಪತ್ಕಾಲಕ್ಕೆ ಅಂತ ಶಾಸ್ತ್ರದಲ್ಲೇ ವಿನಾಯಿತಿ ಇದೆಯಲ್ಲ.”

“ಹೋದ ವರ್ಷ ನೀವೇ…”

“ಹೋದ ವರ್ಷದ್ದು ಬೇರೆ ವಿಷಯ. ಸೀಕ್ರಂ ಹೋಗಿ.”

ಮಂತ್ರ ಹೇಳಿಸುತ್ತಿದ್ದ ಪುರೋಹಿತರು ಪುಸ್ತಕದ ಹಾಳೆ ತಿರುವಿದರು. ಆಚಾರ್ರು ಅವರ ಮುಖ ನೋಡಿದರು. ಅವರು ತಲೆ ಎತ್ತಲೇ ಇಲ್ಲ.

ಮಡಿಪಂಚೆಯಲ್ಲೇ ಬರಿಗಾಲಲ್ಲಿ ಕಾದ ಸಿಮೆಂಟಿನ ಮೇಲೆ ನಡೆದು ಹೋದರು. ಬೀಗ ಒತ್ತಿ, ಎಳೆದು, ತಿರುಗಿಸಿದರು. ಏಳು ಕಿಲೋ ಸರಪಳಿ ಎದೆಗೆ ಅವಚಿಕೊಂಡು, ಸೈಕಲ್ ಪಕ್ಕಕ್ಕೆ ಎಳೆದು ನಿಂತರು. ಕಾರು ಹೋಯಿತು. ಇಷ್ಟೇನಾ? ಇಷ್ಟು ಸಲೀಸಾಗಿ ದಾಟಬಹುದಾದ ಹೊಸ್ತಿಲಿನ ಮೇಲೆ ನಿಂತು ತಾನು ಸೈಕಲ್ ಹೋಗುವುದನ್ನು ನೋಡಿದೆನೇ?

ಸೈಕಲ್ ಮತ್ತೆ ಗೇಟಿಗೆ ಬಿಗಿದು, ಬಾವಿಕಟ್ಟೆಯ ಕಡೆ ತಿರುಗಿದಾಗ ಶಾಲಿನಿ ತಡೆದರು. “ಸ್ನಾನ ಎಲ್ಲಾ ಬೇಡ, ಹೊತ್ತು ಮೀರತ್ತೆ. ಬ್ರಾಹ್ಮಣರು ಕಾದಿದಾರೆ.”

ಆಚಾರ್ರು ಕಾಲು ತೊಳೆದರು, ಒಳಗೆ ಹೋದರು, ಪಾಯಸಕ್ಕೆ ಏಲಕ್ಕಿ ಹಾಕಿದರು. ಮೂವತ್ತು ವರ್ಷದಲ್ಲಿ ಮಡಿ ಕೆಟ್ಟು ಒಲೆಯ ಮುಂದೆ ನಿಂತದ್ದು ಅದೇ ಮೊದಲು. ಬಡಿಸಿದರು. ಬ್ರಾಹ್ಮಣರು ವಡೆಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಆಮೇಲೆ ರಾಯರು ಮಾಳಿಗೆಯ ಮೇಲೆ ಕಾಗೆಗೆ ಪಿಂಡ ಇಟ್ಟು ಕೈಮುಗಿದು ನಿಂತರು. ಆಚಾರ್ರು ಹಿತ್ತಿಲಿನಿಂದ ಕತ್ತೆತ್ತಿ ನೋಡಿದರು. ಕಾಗೆ ಮುಟ್ಟದಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡರು, ಬೇಡಿಕೊಂಡದ್ದಕ್ಕೆ ತಮ್ಮ ಮೇಲೇ ಹೇಸಿಗೆ ಪಟ್ಟರು. ಕಾಗೆ ಬಂತು. ಒಂದಲ್ಲ, ಮೂರು ಬಂದವು.

ಮನೆಯವರ ಊಟವಾಯಿತು. ಕೊನೆಗೆ ಶಾಲಿನಿ ಅಡುಗೆಮನೆಯಲ್ಲಿ ಎಲೆ ಹಾಕಿ ಕರೆದರು.

“ನನಗ ಬ್ಯಾಡ್ರಿ” ಎಂದರು ಆಚಾರ್ರು. “ಮಡಿ ಇಲ್ಲದ ಅಡಿಗಿ ನಾ ಉಣ್ಣಂಗಿಲ್ಲ.”

ನೀರಿನ ಲೋಟ ಎತ್ತಿದ್ದ ರಾಯರ ಕೈ ಬಾಯಿಯ ಹತ್ತಿರವೇ ನಿಂತಿತು. ರಾಯರು ಸಾವರಿಸಿಕೊಂಡು ನಗಲು ನೋಡಿದರು.

“ಏನಾಚಾರ್ರೇ ಇದು, ಸಣ್ಣ ವಿಷಯಕ್ಕೆ. ಕಾಗೆಯೇ ಬಂದು ತಿಂತಲ್ಲ.”

“ತಿನ್ನಲಿ ಬಿಡ್ರಿ” ಎಂದರು ಆಚಾರ್ರು, ಮೊಳೆಯ ಮೇಲಿನ ಅಂಗಿ ತೆಗೆದು ತೋಳು ತೂರಿಸುತ್ತ. “ಕಾಗಿ ಏನೂ ಮಡಿ ಸಲುವಾಗಿ ಸೈಕಲ್ ಕಳ್ಕೊಂಡಿಲ್ಲ.”