ಎರಡನೆಯ ಬಟ್ಟೆ

"ಹಿಂಡಬೇಡಿ! ಚಿಕ್ಕಮ್ಮಾ, ಹಿಂಡಬೇಡಿ!" ಎಂದು ಕೂಗುತ್ತ ಬೀಜ ಸಂಘದ ಮ್ಯಾನೇಜರ್ ಹಿತ್ತಲಿಗೆ ಓಡಿ ಬರುವಷ್ಟರಲ್ಲಿ ಚಿಕ್ಕಮ್ಮ ಬಟ್ಟೆಯನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿ, ಕ್ಲಿಪ್ಪನ್ನೂ ಹಾಕಿಯಾಗಿತ್ತು.

"ಅದರೊಳಗೆ ಕಾಳಿತ್ತಲ್ಲ?"

"ಮೊಳಕೆ ಬಂದು ಲೋಳೆ ಲೋಳೆ ಆಗಿತ್ತಪ್ಪ. ಕೋಳಿಗೆ ಹಾಕ್ದೆ. ಸಾವಿನ ಮನೆಗೆ ಜನ ಬರ್ತಾರೆ. ಬಚ್ಚಲಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟಿದ್ರೆ ಏನಂದ್ಕೋತಾರೆ?"

ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ಒಗೆಯುವ ಕಲ್ಲಿನ ಮೇಲೆ ಕುಸಿದ. ಕೋಳಿಗಳು ನೆಮ್ಮದಿಯಾಗಿ ಕೊಕ್ಕು ಒರೆಸಿಕೊಳ್ಳುತ್ತಿದ್ದವು.

ಆ ಕಾಳು ಸುತ್ತಿಟ್ಟವಳು ಒಳಗೆ ನಡುಮನೆಯಲ್ಲಿ, ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ರೈತರ ಬೀಜ ಸಂಘದಲ್ಲಿ ಇಪ್ಪತ್ತೆರಡು ವರ್ಷ ಅವಳದ್ದು ಒಂದೇ ಕೆಲಸ: ರಾಶಿಯಿಂದ ನೂರು ಕಾಳು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಏಳನೆಯ ದಿನ ಬಿಚ್ಚಿ, ಮೊಳೆತದ್ದೆಷ್ಟು ಎಂದು ಹೇಳುವುದು. ತೊಂಬತ್ತಿದ್ದರೆ ಚೀಲ ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲರ ಬಾಯಲ್ಲೂ ಅವಳು ಮೊಳಕೆಯಕ್ಕ. ನಿನ್ನೆ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ನಿನ್ನೆ ಆರನೆಯ ದಿನ.

ಮಗಳು ಕಿವಿಗೆ ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಬಂದಳು. ಹತ್ತಕ್ಕೆ ಬರುತ್ತೇನೆಂದಿದ್ದ ಶವದ ವ್ಯಾನಿನವನು ಹನ್ನೊಂದೂವರೆಯಾದರೂ "ಇನ್ನೇನು ಬಂದೆ" ಎನ್ನುತ್ತಲೇ ಇದ್ದ. ವ್ಯಾನ್ ನಿಲ್ಲಬೇಕಾದ ಜಾಗದಲ್ಲಿ ಮೆಕ್ಕೆಜೋಳದ ಬೀಜ ತುಂಬಿದ ಸಂಘದ ಲಾರಿ ಅಮ್ಮನ ಲೆಕ್ಕಕ್ಕೆ ಕಾಯುತ್ತ ನಿಂತಿತ್ತು.

"ಅಣ್ಣಾ, ಇವತ್ತೊಂದಿನ ಆ ಲಾರಿ ಬೇರೆ ಕಡೆ ನಿಲ್ಲಿಸೋಕಾಗಲ್ವಾ?"

"ತಂಗೀ, ನಾಳೆಯಿಂದ ಬಿತ್ತನೆ. ಸಂಜೆಯೊಳಗೆ ಚೀಲ ಮುಟ್ಟದಿದ್ರೆ ಎಲ್ರೂ ಹೊರಗಿನ ಬೀಜ ತಗೊಳ್ತಾರೆ. ಮೆಕ್ಕೆಜೋಳದಲ್ಲಿ ನಮ್ಮದೇ ಬೀಜ ಅಂತ ಬರ್ತಿರೋದು ಇದೇ ಮೊದಲು. ಈ ಸಲ ಕೈತಪ್ಪಿದ್ರೆ ಸಂಘಕ್ಕೆ ಬೀಗ ಹಾಕ್ಕೊಂಡು ಮನೆಗೆ ಹೋಗೋದೇ." ಅವನು ದನಿ ತಗ್ಗಿಸಿದ. "ಕೋಳಿ ತಿಂದಿದ್ದು ಯಾರಿಗೂ ಗೊತ್ತಿಲ್ಲ. ನೀನೇ ಒಂದು ತೊಂಬತ್ತೆರಡು ಅಂತ ಬರ್ದು ಸಹಿ ಹಾಕು. ನಿನ್ನ ಅಕ್ಷರ ಥೇಟ್ ಅಕ್ಕನ ಹಾಗೇ."

"ಅಮ್ಮ ಇನ್ನೂ ಮನೇಲೇ ಇದಾಳೆ ಅಣ್ಣ."

ಮ್ಯಾನೇಜರ್ ಬೆಚ್ಚಿ ನಡುಮನೆಯ ಕಡೆ ನೋಡಿದ.

*

ಚಳಿಯಲ್ಲಿ ಕಾಳು ಮೊಳೆಯಬೇಕಾದರೆ ಬೆಚ್ಚಗಿರಬೇಕು. ಹಾಗಾಗಿ ಒಂದು ಬಟ್ಟೆ ಬಚ್ಚಲ ಒಲೆಯ ಪಕ್ಕದಲ್ಲಿ, ಇನ್ನೊಂದು ಅಮ್ಮನ ಹಾಸಿಗೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಹೊಟ್ಟೆಗೆ ಒತ್ತಿಕೊಂಡಂತೆ.

"ಅಮ್ಮಾ, ನಾನೆಲ್ಲಿ ಮಲಗ್ಲಿ?" ಎಂದು ಆಗ ಏಳು ವರ್ಷದವಳಾಗಿದ್ದ ಮಗಳು ಅಳುತ್ತ ಕೇಳಿದ್ದಳು.

"ನೀನಾಗ್ಲೇ ಮೊಳೆತಾಗಿದೆ. ಆಚೆ ಸರಿ."

ಮಗಳು ಬೆಳೆದು ಹೊಲಿಗೆ ಅಂಗಡಿ ಇಟ್ಟ ಮೇಲೆ ಕಾಳು ಸುತ್ತಲು ಅಮ್ಮನ ಕಣ್ಣು ಅಲ್ಲಿನ ಬಟ್ಟೆಗಳ ಮೇಲೆ ಬಿತ್ತು. ಗಿರಾಕಿಯ ಹೂವಿನ ಬಟ್ಟೆ ಒಂದು ಮೀಟರ್ ಕಾಣೆಯಾದಾಗ ಮಗಳು ರೇಗಿದ್ದಳು. "ಒಂದು ಬಟ್ಟೆ ಸಾಲ್ದಾ ನಿಂಗೆ? ಎರಡೆರಡು ಯಾಕೆ?"

"ಬಚ್ಚಲಿಂದು ಸಂಘಕ್ಕೆ. ಇದು ನನ್ನ ನಿದ್ದೆಗೆ."

ಹೋದ ತಿಂಗಳು ಮಗಳು ಬುತ್ತಿ ಕೊಡಲು ಹೋದಾಗ ಅಮ್ಮ ಸಂಘದ ಕಣದಲ್ಲಿ, ಇದೇ ಮೆಕ್ಕೆಜೋಳದ ರಾಶಿಯ ಮುಂದೆ, ಮ್ಯಾನೇಜರನ ಜೊತೆ ಜಗಳಕ್ಕೆ ನಿಂತಿದ್ದಳು. "ಚೀಲಕ್ಕೆ ತುಂಬಬೇಡ. ಇನ್ನೂ ನಾಲ್ಕು ದಿನ ಬಿಸಿಲು ಬೇಕು. ಹಸಿ ತುಂಬಿದ್ರೆ ಒಳಗೇ ಬೇಯುತ್ತೆ. ಕಚ್ಚಿ ನೋಡು, ಕಟ್ ಅನ್ಬೇಕು."

"ಅಕ್ಕಾ, ಕಚ್ಚೋಕೆ ಪುರುಸೊತ್ತಿಲ್ಲ ನಂಗೆ," ಎಂದಿದ್ದ ಅವನು.

*

ಮೂಲೆಯಲ್ಲಿ ಸುತ್ತಿಟ್ಟಿದ್ದ ಅಮ್ಮನ ಹಾಸಿಗೆಯನ್ನು ಮಗಳು ಬಿಚ್ಚಿದಳು. ಕಂಬಳಿಯ ಮಡಿಕೆಯಿಂದ ಪ್ಲಾಸ್ಟಿಕ್ ಚೀಲ ಜಾರಿ ಬಿತ್ತು. ಒಳಗೆ ಹೂವಿನ ಬಟ್ಟೆ, ಇನ್ನೂ ಒದ್ದೆ.

"ಅಯ್ಯೋ ನನ್ನಕ್ಕಾ, ಹಾಸಿಗೇಲೂನಾ!" ಎಂದರು ಚಿಕ್ಕಮ್ಮ.

ಸಾವಿಗೆ ಬಂದಿದ್ದ ರೈತರೆಲ್ಲ ಜಗಲಿಯಲ್ಲಿ ಹೊಲಿಗೆ ಮೇಜಿನ ಸುತ್ತ ನೆರೆದರು. ಮಗಳು ಕಾಳುಗಳನ್ನು ಹತ್ತತ್ತರ ಸಾಲಾಗಿ ಇಡುತ್ತ ಹೋದಳು. ಒಂದು ಕಾಳಿನ ಹತ್ತಿರ ಅವಳ ಬೆರಳು ನಿಂತಿತು.

"ಅದು ಮೊಳೆತಿದೆ," ಎಂದ ಮ್ಯಾನೇಜರ್.

"ಬೇರು ಬಂದಿದೆ, ಚಿಗುರಿಲ್ಲ. ಲೆಕ್ಕಕ್ಕಿಲ್ಲ."

"ನೀನೂ ಶುರು ಮಾಡಿದ್ಯಾ!"

ಎಪ್ಪತ್ತೊಂದು. ಇನ್ನೊಮ್ಮೆ ಎಣಿಸಿದರೂ ಎಪ್ಪತ್ತೊಂದು. ಮ್ಯಾನೇಜರ್ ನಡುಮನೆಯತ್ತ ತಿರುಗಿ ಕೈ ಜೋಡಿಸಿದ. "ಹೋಗೋ ದಿನವಾದ್ರೂ ಒಂದು ತೊಂಬತ್ತು ಕೊಟ್ಟು ಹೋಗಬಾರದಿತ್ತಾ ಅಕ್ಕಾ?"

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು.

"ತೊಂಬತ್ತೆರಡು ಅಂತ್ಲೇ ಬರೀಲಾ ಅಣ್ಣ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು ಮಗಳು.

"ಬರೀಲಿ ನೋಡೋಣ," ಎಂದರು ರೈತರ ನಡುವಿದ್ದ ಟ್ರ್ಯಾಕ್ಟರ್ ಮಾವ. ಅವರು ಬಿತ್ತನೆಗೆಂದು ಹೇಳಿಟ್ಟಿದ್ದ ಐದು ಚೀಲವೂ ಆ ಲಾರಿಯಲ್ಲೇ ಇತ್ತು. "ಬಿತ್ತಿದ ಮೇಲೆ ನೂರಕ್ಕೆ ಮೂವತ್ತು ಗುಣಿ ಖಾಲಿ ಬಿದ್ರೆ, ನೀನು ಬಂದು ಕೂರ್ತೀಯೇನಯ್ಯ ಅದ್ರಲ್ಲಿ? ಇಳಿಸ್ರೋ ಚೀಲ."

ಆಗಲೇ ಫೋನ್ ಬಂತು. ವ್ಯಾನಿನವನು ಈ ಸಲ ಇನ್ನೇನು ಬಂದೆ ಎನ್ನಲಿಲ್ಲ. "ಮೇಡಂ, ಗೇರ್ ಬಾಕ್ಸ್ ಹೋಗ್ಬಿಡ್ತು."

ಮಗಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಗೇಟಿನಾಚೆ ಲಾರಿಯ ಹಿಂಬಾಗಿಲು ತೆರೆದಿತ್ತು. ಮೊದಲ ಚೀಲ ಆಗಲೇ ಗೋಡೆಗೆ ಒರಗಿತ್ತು. ಅವಳು ಅದನ್ನೇ ನೋಡುತ್ತಿರುವುದನ್ನು ಮ್ಯಾನೇಜರ್ ನೋಡಿದ.

"ಕೇಳ್ಬೇಡ ತಂಗಿ. ಅರ್ಧ ಗಂಟೆ ಕೊಡು," ಎಂದವನೇ ಅಂಗಿಯ ತೋಳು ಮಡಚಿ, ಗೊಣಗುತ್ತ, ಎರಡನೆಯ ಚೀಲಕ್ಕೆ ತಾನೇ ಹೆಗಲು ಕೊಟ್ಟ.

*

ಲಾರಿ ಸ್ಮಶಾನದ ದಾರಿಗೆ ತಿರುಗಿತು. ನಡುವೆ ಮೊಳಕೆಯಕ್ಕ, ಎರಡೂ ಬದಿಗೆ ಕಾಲು ಮಡಚಿ ಕುಳಿತ ಜನ. ಚೀಲದಿಂದ ಸೋರಿದ್ದ ಕಾಳುಗಳು ಪ್ರತಿ ಗುಂಡಿಗೂ ಪುಟಿದು ಅತ್ತಿಂದಿತ್ತ ಓಡಾಡುತ್ತಿದ್ದವು. ಅವಳ ಹೊದಿಕೆಯ ಅಂಚಿನಲ್ಲಿ ಒಂದಿಷ್ಟು ಸೇರಿಕೊಂಡವು. ಚಿಕ್ಕಮ್ಮ ಕೊಡವಲು ಕೈ ಚಾಚಿದರು, ಮಗಳು ಆ ಕೈ ಹಿಡಿದುಕೊಂಡಳು.

ಮ್ಯಾನೇಜರ್ ತನ್ನ ಕಾಲ ಬಳಿಗೆ ಉರುಳಿ ಬಂದ ಒಂದು ಕಾಳನ್ನು ಹೆಕ್ಕಿಕೊಂಡ. ಅಂಗಿಗೆ ಒರೆಸಿದ. ಹಲ್ಲಿನ ನಡುವೆ ಇಟ್ಟು ಕಚ್ಚಿದ. ಸುತ್ತಲಿದ್ದವರೆಲ್ಲ ಮಾತು ನಿಲ್ಲಿಸಿ ಅವನ ಬಾಯಿಯತ್ತ ಕಿವಿಗೊಟ್ಟರು. ಲಾರಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ, ಕಾಳು ಕಟ್ ಎನ್ನಲಿಲ್ಲ.