ಬಾಗದ ಉರಿ

ಹೊಗೆ ಹೊರಗೆಳೆಯುವ ಫ್ಯಾನಿನ ರೆಕ್ಕೆ ಇನ್ನೂ ತಿರುಗುತ್ತಲೇ ಇದೆ, ಸ್ವಿಚ್ಚು ಆರಿಸಿದ ಮೇಲೂ ಎಷ್ಟು ಹೊತ್ತು, ಪೂರ್ತಿ ನಿಲ್ಲಲಿ, ಎಲ್ಲರೂ ಊಟಕ್ಕೆ ಹೋಗಿದ್ದಾರೆ — ಅವತ್ತು ನಿಲ್ಲಿಸಿರಲಿಲ್ಲ, ಹೊಟ್ಟೆಯಲ್ಲಿ ಐದು ತಿಂಗಳ ಮಗಳು, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಗೆ ಬೆಳಗ್ಗೆಯಿಂದ ಎರಡು ಸಲ ವಾಂತಿ, ಹಾಕ್ಕೊಳಮ್ಮ ಫ್ಯಾನು, ಎರಡು ಜೀವ ನೀನು ಅಂದರು ಲ್ಯಾಬಿನ ಹಿರಿಯರು, ಹಾಕಿಕೊಂಡೆ, ಉರಿ ಆರುವ ತನಕ ಗಾಳಿ ಆಡಬಾರದು, ಗಾಳಿಯೇ ಆರಿಸಿಬಿಡುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವಳೇ ನಾನು. ಕೆಂಪಗೆ ಕಾದ ತಂತಿಯನ್ನು ರೂಮ್ ಹೀಟರಿನ ಪ್ಲಾಸ್ಟಿಕ್ ಕವಚದ ತುಂಡಿಗೆ ಒತ್ತಿ ಹಿಂದಕ್ಕೆಳೆದರೆ, ಹತ್ತಿದ ಉರಿ ಮೂವತ್ತು ಸೆಕೆಂಡಿನೊಳಗೆ ತಾನಾಗಿ ಆರಬೇಕು, ಅವತ್ತು ಫ್ಯಾನಿನ ಕಡೆ ಬಾಗಿ ಬಾಗಿ ಇಪ್ಪತ್ತಾರಕ್ಕೆ ಆರಿತು, ಪಾಸು ಎಂದು ಬರೆದು ಮನೆಗೆ ಹೋಗಿ ಹಾಯಾಗಿ ಮಲಗಿದೆ, ಆಮೇಲೆ ಅದೇ ಹೀಟರನ್ನು ಅಕ್ಕನಿಗೆ ಕೊಡಿಸಿದೆ, ಕಣ್ಣು ಮುಚ್ಕೊಂಡು ತಗೋ ಅಕ್ಕ, ಸುಟ್ಟು ನೋಡಿದೋಳೇ ನಾನು, ಅವಳು ನಕ್ಕಳು, ಅಲ್ಲಿ ಸುಟ್ರೆ ಸಂಬಳ, ಮನೇಲಿ ಹಾಲು ಸೀಯಿಸೋದು ಪುಕ್ಕಟೆ ಅಲ್ವೇನೇ — ಅಕ್ಕ ಹೋಗಿ ಇವತ್ತಿಗೆ ಹನ್ನೊಂದು ದಿನ, ಮಂಡಿನೋವಿಗೆ ಹೀಟರಿನ ಕಾವು ತಗೊಳ್ಳುತ್ತ ಮಧ್ಯಾಹ್ನ ಮಲಗಿದವಳು, ಅದಕ್ಕೆ ಬೆಂಕಿ ಹತ್ತಿದಾಗ ಬಾಗಿಲ ತನಕವೂ ಬರಲಾಗಲಿಲ್ಲ. ದೊಡ್ಡಮ್ಮ ನಂಗೆ ಜಡೆ ಯಾವಾಗ ಹಾಕ್ತಾಳೆ ಅನ್ನುತ್ತಾಳೆ ಮಗಳು, ದಿನಾ, ಬಾಚಣಿಗೆ ಹಿಡಿದುಕೊಂಡು. ಭಾವ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ, ಹೀಟರಿನ ಒಳಗಿನ ವೈರು ಸಡಿಲ ಆಗಿದೆ ಅಂತ ಅವಳು ಹೇಳ್ತಾನೇ ಇದ್ಲು, ಇವತ್ತು ನಾಳೆ ಅಂತ ದೂಡಿದೆ, ನಾನೇ ಕೊಂದೆ ಕಣಮ್ಮ, ನಾನೇ — ಸಡಿಲವಾದ ಕಡೆ ವೈರು ಕಾದು ಕೆಂಪಾಗುತ್ತದೆ ಭಾವ, ಹಾಗೆ ಕಾದರೂ ಉರಿ ಹಬ್ಬಬಾರದು ಅಂತಲೇ ಈ ಪರೀಕ್ಷೆ ಇರುವುದು, ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ, ನೀರು ಕೊಟ್ಟು ಬೆನ್ನು ಸವರಿದೆ. ರೆಕ್ಕೆ ನಿಂತಿತು. ಕಪಾಟಿನಲ್ಲಿ ಉಳಿದಿದ್ದ ಅದೇ ಕವಚದ ಇನ್ನೊಂದು ತುಂಡು, ತಂತಿ ಒತ್ತಿದೆ, ಬೆಣ್ಣೆಯಂತೆ ಒಳಗಿಳಿಯಿತು, ಹಿಂದಕ್ಕೆಳೆದೆ, ಈಗ ಎಣಿಕೆ, ಹತ್ತು, ಹನ್ನೊಂದು, ನಂದಿಬಿಡು, ನಂದಿಬಿಡಪ್ಪ — ಏನು ಬೇಡುತ್ತಿದ್ದೇನೆ, ತಪ್ಪು ಭಾವನದೇ ಆಗಲಿ ಅಂತಲೇ, ಆ ಮನುಷ್ಯ ಹಾಗೇ ಗೋಡೆಗೆ ತಲೆ ಚಚ್ಚಿಕೊಂಡಿರಲಿ ಅಂತಲೇ — ಇಪ್ಪತ್ತೈದು, ಇಪ್ಪತ್ತಾರು, ಬಾಗುವುದಿಲ್ಲ, ಯಾವ ಕಡೆಗೂ, ಮೂವತ್ತು, ಮೂವತ್ತೊಂದು, ಕರಗಿದ ಹನಿ ಕೆಳಗಿನ ತೆಳುಕಾಗದಕ್ಕೆ ಬಿತ್ತು, ಹತ್ತಲೇಬಾರದ ಅದೂ ಹತ್ತಿಕೊಂಡಿತು, ಆರಿಸಬೇಕು, ಕೈ ಏಳುತ್ತಿಲ್ಲ, ನಲವತ್ತು, ಹೆಬ್ಬೆರಳಿನಷ್ಟು ಉರಿ, ನೆಟ್ಟಗೆ, ಅಲುಗದೆ, ನೆಟ್ಟಗೆ