ಇಬ್ಬರಿಗೆ ಒಂದು ಮಾತು

ಲೋವ್ರೊನ ಹನ್ನೆರಡು ಜೇನುಪೆಟ್ಟಿಗೆಗಳಿಗೆ ಪೊಲೀಸರು ಸೀಮೆಎಣ್ಣೆ ಸುರಿದು ಸುಟ್ಟರು. ಒಳಗೆ ಹುಳುಗಳಿದ್ದವು. ಆಮೇಲೆ ಅವನನ್ನು ಹಿಡಿದು ಠಾಣೆಯ ಕೋಣೆಯೊಂದರಲ್ಲಿ ಕೂಡಿಹಾಕಿದರು. ಅದು ೧೯೪೦ರ ಜೂನ್, ಇಟಲಿ ಯುದ್ಧಕ್ಕೆ ಇಳಿದ ವಾರ.

ಪೆಟ್ಟಿಗೆಗಳಲ್ಲಿ ವೈರ್‌ಲೆಸ್ ಯಂತ್ರ ಇದೆಯೆಂದು ಯಾರೋ ಅರ್ಜಿ ಹಾಕಿದ್ದರು. ಯಂತ್ರ ಸಿಗಲಿಲ್ಲ. ಅವನ ಮನೆಯಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಅದನ್ನು ಓದಿಸಲು ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪ ಮಧುಗಿರಿಯ ಮಿಡಲ್ ಸ್ಕೂಲ್ ಮೇಷ್ಟ್ರು ಪರ್ವತಯ್ಯನವರಿಗೆ ಹೇಳಿ ಕಳಿಸಿದ.

ಪರ್ವತಯ್ಯನವರಿಗೂ ಆ ಬಿಳಿಯನ ಮೇಲೆ ಅನುಮಾನವಿತ್ತು. ಎರಡು ವರ್ಷದ ಹಿಂದೆ, ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ರೈತರಿಗೆ ತೋರಿಸಲು ಬಂದವನು, "ಮೇಷ್ಟ್ರೇ, ಕನ್ನಡ ಕಲಿಸಿ" ಎಂದು ಬಾಗಿಲಿಗೆ ಬಂದು ನಿಂತಾಗಲೇ ಶುರುವಾದದ್ದು. ಜೇನಿಗೆ ಕನ್ನಡ ಯಾಕೆ ಬೇಕು? ಪಾದ್ರಿಯೋ, ಗೂಢಚಾರನೋ? ಅವನ ಪಾಸ್‌ಪೋರ್ಟಿನಲ್ಲಿ ಇಟಲಿ, ಲೊರೆಂಜೊ ಎಂಬ ಹೆಸರು. ಇವನು ಹೇಳುವುದು ಬೇರೆ: "ನಾನು ಇಟಲಿಯವ ಅಲ್ಲ. ಸ್ಲೊವೀನ. ನಮ್ಮೂರು ಇಟಲಿಯವರು ತಗೊಂಡರು. ಶಾಲೆಯಲ್ಲಿ ನಮ್ಮ ಮಾತು ಆಡಬಾರದು ಅಂದರು. ಹೆಸರೂ ಬದಲು ಮಾಡಿದರು."

"ಹೆಸ್ರು ಕದಿಯೋ ಸರ್ಕಾರ ಎಲ್ಲಾದ್ರೂ ಉಂಟೇನಯ್ಯಾ?" ಎಂದು ಮೇಷ್ಟ್ರು ನಂಬಿರಲಿಲ್ಲ. ಬಾವುಟ ಹಿಡಿದದ್ದಕ್ಕೆ ಜನರನ್ನು ಜೈಲಿಗೆ ಹಾಕುವ ಸರ್ಕಾರದ ಸಂಬಳ ತಿನ್ನುತ್ತಲೇ ಹಾಗೆಂದಿದ್ದರು.

ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಅವನು ಕನ್ನಡ ಕಲಿಯಲಿ, ತಮಗೆ ಅವನ ಮಾತನ್ನು ಕಲಿಸಲಿ. ಅವನು ಏನು ಗೀಚುತ್ತಾನೆಂದು ತಮಗೂ ತಿಳಿಯಬೇಕಲ್ಲ! ಲೋವ್ರೊ ಖುಷಿಯಿಂದ ತನ್ನ ಮಾತುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯತೊಡಗಿದ.

ಒಂದು ಸಂಜೆ ಅವನು ತಲೆ ಕೆರೆದುಕೊಂಡು, "ಕನ್ನಡ ಬಡವರ ಭಾಷೆ ಮೇಷ್ಟ್ರೇ. ಇಬ್ಬರಿಗೂ ನಾವು, ಊರಿಗೂ ನಾವು. ನಮ್ಮಲ್ಲಿ ಇಬ್ಬರಿಗೇ ಒಂದು ಮಾತು ಇದೆ. ಮಿದ್ವಾ. ನೀವು, ನಾನು, ಅಷ್ಟೇ" ಎಂದ.

"ನಿನ್ನ ಶ್ರೀಮಂತ ಭಾಷೇಲಿ ಅವರೆಕಾಯಿಗೆ ಏನಂತೀಯಾ, ಹೇಳು ನೋಡೋಣ" ಎಂದರು ಮೇಷ್ಟ್ರು.

ಅವನು ನೋಟ್‌ಬುಕ್ಕಿನಲ್ಲಿ ಅವರೆಕಾಯಿ ಎಂದೇ ಬರೆದುಕೊಂಡ. ಪಾವಗಡದ ಕಡೆಯವರಾದ ಮೇಷ್ಟ್ರ ಹೆಂಡತಿ ಚನ್ನಮಲ್ಲಮ್ಮ ಒಳಗಿನಿಂದಲೇ ನಕ್ಕರು. "ನಮ್ ಕಡೆ ತೆಲುಗಲ್ಲಿ ಮನಂ ಅಂದ್ರೆ ನೀನೂ ಸೇರ್ದಂಗೆ, ಮೇಮು ಅಂದ್ರೆ ನೀನು ಆಚೆಗೆ ಕಣಪ್ಪಾ. ಈ ಮೇಷ್ಟ್ರು ನಿನ್ನ ಯಾವುದ್ರಲ್ಲಿ ಮಡಗವ್ರೋ ಕೇಳು."

ಮೇಷ್ಟ್ರು ಮುಂದಿನ ಪದ ಬರೆಸಿದರು.

ಈಗ ಇನ್ಸ್‌ಪೆಕ್ಟರ್ ಅದೇ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅಂಕುಡೊಂಕು ಕನ್ನಡ ಅಕ್ಷರದಲ್ಲಿ ಒಂದು ಸಾಲು: 'ಮಿದ್ವಾ ಗ್ರೆವಾ ನ ಹ್ರಿಬ್. ಶುಕ್ರವಾರ, ಮಿಡಿಗೇಶಿ.'

"ನಾನೇ ಬಿಡಿಸ್ಬುಟ್ಟಿದೀನಿ ಮೇಷ್ಟ್ರೇ" ಎಂದ ವೃಷಭೇಂದ್ರಪ್ಪ. "ಮಿ ಅಂದ್ರೆ ಮಿಡಿಗೇಶಿ. ದ್ವಾ ಅಂದ್ರೆ ದ್ವಾರ. ಕೋಟೆ ಬಾಗ್ಲು! ಹೆಂಗೆ?"

ಪರ್ವತಯ್ಯನವರಿಗೆ ನಗು ಬರಬೇಕಿತ್ತು, ಬರಲಿಲ್ಲ. ಮಿಡಿಗೇಶಿ ಕೋಟೆಗೆ ದಾರಿ ಯಾವುದು, ಮೇಲೆ ಯಾರಿರುತ್ತಾರೆ ಎಂದು ಲೋವ್ರೊ ಕೆದಕಿ ಕೆದಕಿ ಕೇಳಿದ್ದುಂಟು. ಬಂಡೆಯ ಹೆಜ್ಜೇನು ನೋಡಬೇಕೆಂದಿದ್ದ. ಜೇನಿನ ನೆಪವೇ ಇರಬಹುದೇ? ಸಾಲಿನ ಅರ್ಥ ಅವರಿಗೆ ಗೊತ್ತಿತ್ತು: ನಾವಿಬ್ಬರು ಬೆಟ್ಟಕ್ಕೆ ಹೋಗೋಣ. ಆ ಶುಕ್ರವಾರ ಅವನ ಜೊತೆ ಬೆಟ್ಟ ಹತ್ತಿದವರು ಮೇಷ್ಟ್ರೇ.

"ಅವನೇನಂತಾನೆ?" ಎಂದು ಕೇಳಿದರು.

"ನಾವು ಅಂತ ಅರ್ಥವಂತೆ. ನಾವು ಅಂದ್ರೆ ಇನ್ನೊಬ್ಬ ಯಾವನ್ಲಾ ಅಂದ್ರೆ ನಾಲ್ಕು ದಿನದಿಂದ ಬಾಯಿ ಬುಡ್ತಿಲ್ಲ. ನಮ್ಮ ಬೋರಯ್ಯನ ಕೈ ಊದ್ಕೊಂಡದೆ, ಇವನ ಬಾಯಿ ಮಾತ್ರ ಬಂದ್."

ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಬೋರಯ್ಯ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ.

ಪರ್ವತಯ್ಯನವರು ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡರು. ಎರಡು ವರ್ಷ ಅವನ ಒಂದೊಂದು ಪದವನ್ನೂ ಕಳ್ಳಮಾಲಿನಂತೆ ತೂಗಿ ನೋಡಿದ್ದರು. ಅವನು ನಾಲ್ಕು ದಿನ ಏಟು ತಿಂದು ಇವರ ಹೆಸರು ಹೇಳಿರಲಿಲ್ಲ.

"ಆ ಇನ್ನೊಬ್ಬ ನಾನೇ ಸ್ವಾಮಿ."

ವೃಷಭೇಂದ್ರಪ್ಪ ಅವರನ್ನೇ ದಿಟ್ಟಿಸಿದ. ಆಮೇಲೆ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ.

"ನಂಗೆ ಕೇಳಿಸ್ಲಿಲ್ಲ. ನಮ್ ಜನ ನೀವು, ಅದಕ್ಕೇ ಹೇಳ್ತಿದೀನಿ. ಇಟಲಿಯವನ ಜತೆ ಕೋಟೆ ಹತ್ತಿದ್ರಿ ಅಂತ ನಾನು ಮೇಲಕ್ಕೆ ಬರೆದ್ರೆ ನೌಕರಿ ಹೋಯ್ತು, ಜೈಲಾಯ್ತು. ಅವನು ಹೆಂಗಿದ್ರೂ ಜೈಲಿಗೆ ಹೋಗೋನೇ."

"ಅವನು ಇಟಲಿಯವನಲ್ಲ."

"ಪಾಸ್‌ಪೋರ್ಟು ಏನಂತದೆ?"

"ಅವನ ಮನೆ ದೋಚಿದವರು ಬರೆದುಕೊಟ್ಟ ಕಾಗದ ಅದು. ಕಳ್ಳನ ಕೈಬರಹ ನೋಡಿ ಕಳಕೊಂಡವನ ಕುಲ ಹೇಳ್ತೀರಲ್ಲಾ!"

"ಪಾಠ ಸ್ಕೂಲಲ್ಲಿ ಮಾಡಿ." ಇನ್ಸ್‌ಪೆಕ್ಟರ್ ಬಿಳಿ ಹಾಳೆಯನ್ನೂ ಪೆನ್ನನ್ನೂ ಅವರ ಮುಂದೆ ತಳ್ಳಿದ. "ಮಿದ್ವಾ ಅಂದ್ರೆ ಮಿಡಿಗೇಶಿ ದ್ವಾರ. ಒಂದೇ ಸಾಲು. ಕೆಳಗೆ ರುಜು ಹಾಕಿ, ಮನೆಗೋಗಿ ಉಣ್ಣಿ."

"ಹಾಕ್ದಿದ್ರೆ?"

"ಅವನ ಪಕ್ಕದಲ್ಲೇ ಜಾಗ ಅದೆ."

ಪರ್ವತಯ್ಯನವರು ಹಾಳೆಯನ್ನು ನೋಡಿದರು.  ಪೆನ್ನನ್ನು ಮುಟ್ಟಲಿಲ್ಲ.

"ಬರೀರಿ ಮೇಷ್ಟ್ರೇ!"

"ಬರೆಯಲ್ಲ."